ದ್ರಾಕ್ಷಿ ತೋಟಕ್ಕೆ ನಾವಿಬ್ಬರು

ಜನವರಿ 6, ಸೋಮವಾರ

ಇವರಿಗೆ ಲಕ್ವ ಹೊಡೆದು ಇವತ್ತಿಗೆ ನಾಲ್ಕು ತಿಂಗಳು. ಬಲಗೈ, ಬಲಗಾಲು ಎರಡಕ್ಕೂ ಇನ್ನೂ ಜೀವ ಬಂದಿಲ್ಲ. ಬಾಯಲ್ಲಿ ಉಳಿದಿರುವುದು ಒಂದೇ ಮಾತು, ಹೌದು. ನೀರು ಬೇಕಾ ಎಂದರೂ ಹೌದು, ಬೇಡವಾ ಎಂದರೂ ಹೌದು. ಶಿವಾಜಿನಗರದ ಅಂಗಡಿಯಲ್ಲಿ ಹೋಟೆಲಿನವರಿಗೆ ಗಾಜಿನ ಲೋಟ, ಪಿಂಗಾಣಿ ತಟ್ಟೆ ಮಾರುತ್ತ ದಿನವಿಡೀ ಮಾತಾಡುತ್ತಿದ್ದ ಮನುಷ್ಯ. ಮನೆಗೆ ಬಂದ ಮೇಲೆ ನನ್ನ ಜೊತೆ ಆಡಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ, ಅದು ಬೇರೆ ವಿಷಯ.

ಮಾತು ಕಲಿಸಲು ಮಿಸ್ಬಾ ಎಂಬ ಹುಡುಗಿ ಫ್ರೇಜರ್ ಟೌನಿನಿಂದ ಸೋಮವಾರ, ಗುರುವಾರ ಸ್ಕೂಟರಿನಲ್ಲಿ ಬರುತ್ತಾಳೆ. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿ ಹೆಸರು ಹೇಳಿಸುತ್ತಾಳೆ. ಹಸುವೂ ಹೌದು, ಬಸ್ಸೂ ಹೌದು. ನಾನು ಬೇಸರ ಮಾಡಿಕೊಂಡದ್ದನ್ನು ನೋಡಿ ಇವತ್ತು ಅಡುಗೆಮನೆಗೆ ಬಂದು ಹೇಳಿದಳು: "ಆಂಟಿ, ಅಂಕಲ್‌ಗೆ ನಾವು ಹೇಳೋದೆಲ್ಲ ಅರ್ಥ ಆಗತ್ತೆ. ಒಳಗಡೆ ಸರಿಯಾದ ಉತ್ತರಾನೇ ಇರತ್ತೆ. ಬಾಯಿಗೆ ಬರೋ ಹೊತ್ತಿಗೆ ಎಲ್ಲಾನೂ ಹೌದು ಆಗ್ಬಿಡತ್ತೆ. ಅದನ್ನ ಉತ್ತರ ಅಂತ ತಗೋಬೇಡಿ. ಮುಖ ನೋಡಿ."

ನೋಡಿಕೊಳ್ಳುವವರು ಏನಾದರೂ ಬರೆದಿಟ್ಟುಕೊಂಡರೆ ಮನಸ್ಸು ಹಗುರವಾಗುತ್ತದೆ, ಯಾರಿಗೂ ತೋರಿಸಬೇಕಾಗಿಲ್ಲ ಎಂದೂ ಹೇಳಿದಳು. ಅಂಗಡಿಯವರು ಕೊಟ್ಟ ಹೊಸ ವರ್ಷದ ಡೈರಿ ಇತ್ತು. ಅದರಲ್ಲೇ ಬರೆಯುತ್ತಿದ್ದೇನೆ.

ಜನವರಿ 9, ಗುರುವಾರ

ಎಲ್‌ಎಲ್ ಬಂತು. ಇವತ್ತು ಮೊದಲನೆಯ ಡ್ರೈವಿಂಗ್ ಕ್ಲಾಸು. ಐವತ್ತೊಂದನೆಯ ವಯಸ್ಸಿಗೆ ಸ್ಟಿಯರಿಂಗ್ ಹಿಡಿದೆ. ಬೇರೆ ದಾರಿಯಿರಲಿಲ್ಲ. ಆಸ್ಪತ್ರೆಗೆ ಹೋಗಬೇಕೆಂದರೆ ಗಾಲಿಕುರ್ಚಿ ನೋಡಿದ ಕೂಡಲೇ ಆಟೋದವರು ಮುಂದೆ ಹೋಗಿಬಿಡುತ್ತಾರೆ. ಇವರ ಕಾರು ನಾಲ್ಕು ತಿಂಗಳಿಂದ ಮನೆಮುಂದೆ ಧೂಳು ಹಿಡಿಯುತ್ತಿದೆ.

ಕಲಿಸುವವರು ಅಹ್ಮದ್ ಪಾಷಾ, ಎಪ್ಪತ್ತರ ಹತ್ತಿರದ ಮುದುಕರು. ಕಲ್ಯಾಣ ನಗರದ ಒಳರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. "ಡರೋ ನಕ್ಕೋ ಮೇಡಂ, ಹೆದರ್ಬೇಡಿ, ನನ್ ಕಾಲ್ ಹತ್ರಾನೂ ಒಂದು ಬ್ರೇಕ್ ಐತೆ" ಎಂದರು. ನಾಚಿಕೆಯಾಯಿತು, ಧೈರ್ಯವೂ ಬಂತು.

ಮನೆಗೆ ಬಂದು ಇವರಿಗೆ ಹೇಳಿದೆ. ಹೌದು ಎಂದರು. ಮಿಸ್ಬಾ ಹೇಳಿದಂತೆ ಮುಖ ನೋಡಿದೆ. ಬಾಯಿಯ ಎಡತುದಿ ಸ್ವಲ್ಪ ಮೇಲೆ ಹೋಗಿತ್ತು. ಆ ನಗೆ ನನಗೆ ಚೆನ್ನಾಗಿ ಗೊತ್ತು. ಮದುವೆಯಾದ ಹೊಸದರಲ್ಲಿ ಮೈಸೂರಿಗೆ ಹೋಗುವಾಗ ನನಗೆ ಕಾರಿನಲ್ಲಿ ವಾಂತಿಯಾಗಿತ್ತು. ಅವತ್ತಿನಿಂದ ಇಪ್ಪತ್ತಾರು ವರ್ಷ ಅದೊಂದೇ ನೆಪ. ನಿಂಗೆ ಕಾರು ಆಗಲ್ಲ ಎಂದು ಎಲ್ಲ ಕಡೆಗೂ ಒಬ್ಬರೇ ಹೋಗಿಬರುತ್ತಿದ್ದರು. ಮಕ್ಕಳೂ ಆಗಲಿಲ್ಲ. ಮನೆಯಲ್ಲಿ ನಾನೊಬ್ಬಳೇ.

ಪಾಪ, ಈಗ ಅದನ್ನೆಲ್ಲ ನೆನೆಯಬಾರದು.

ಜನವರಿ 20, ಸೋಮವಾರ

ಕರೆಂಟ್ ಬಿಲ್ಲಿಗೆ ಇವರ ಫೋನಿಗೆ ಒಟಿಪಿ ಬರಬೇಕಾಗಿತ್ತು. ಅಂಗಡಿಯವರ ಕರೆ ಬರುತ್ತದೆಂದು ಫೋನನ್ನು ಚಾರ್ಜಿಗೆ ಹಾಕಿಡುತ್ತಿದ್ದೆ, ತೆರೆದು ನೋಡಿದವಳಲ್ಲ. ಇವರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಬಲಗೈ ಹೆಬ್ಬೆರಳನ್ನು ಎತ್ತಿ ಫೋನಿನ ಮೇಲೆ ಇಟ್ಟೆ. ಸ್ಪರ್ಶ ಗೊತ್ತಾಗದ ಬೆರಳು. ಫೋನು ತೆರೆದುಕೊಂಡಿತು.

'ಗ್ಲಾಸ್‌ವೇರ್ ಹೊಸೂರು' ಎಂಬ ಹೆಸರಿನಿಂದ ಓದದೆ ಉಳಿದ ಅರವತ್ತೇಳು ಮೆಸೇಜುಗಳಿದ್ದವು. ಆಸ್ಪತ್ರೆಯಲ್ಲಿದ್ದಾಗ ಆ ಹೆಸರಿನಿಂದ ಕರೆ ಬಂದಾಗಲೆಲ್ಲ ವ್ಯಾಪಾರದ ಗಲಾಟೆ ಎಂದು ನಾನೇ ಕತ್ತರಿಸುತ್ತಿದ್ದೆ. ಯಾಕೆ ಫೋನ್ ತೆಗೀತಿಲ್ಲ. ನನ್ನಿಂದ ಏನು ತಪ್ಪಾಯ್ತು ಹೇಳು. ಹುಷಾರಾಗಿದೀಯಾ ಅಂತಾದ್ರೂ ಹೇಳು. ಕೊನೆಯದು ಹೊಸ ವರ್ಷದ ದಿನದ್ದು: ಇನ್ನು ಕಾಡಿಸಲ್ಲ, ನಿನ್ನ ಶ್ವೇತ.

ಫೋಟೋಗಳೂ ಇವೆ. ನಂದಿ ಬೆಟ್ಟದ ಕೆಳಗಿನ ದ್ರಾಕ್ಷಿ ತೋಟ, ಗೇಟಿನ ಫಲಕದಲ್ಲಿ ಹೆಸರೂ ಇದೆ. ಚಪ್ಪರದ ತುಂಬ ಕಪ್ಪು ಗೊಂಚಲು, ಹಿಂದೆ ಬೆಟ್ಟದ ಬಂಡೆ. ಇವರ ಕೈಯಲ್ಲಿ ವೈನಿನ ಗ್ಲಾಸು, ಪಕ್ಕದಲ್ಲಿ ಹುಲ್ಲಿನ ಟೋಪಿ ಹಾಕಿದ ಹೆಂಗಸು. ನನಗಿಂತ ಏಳೆಂಟು ವರ್ಷ ಚಿಕ್ಕವಳಿರಬಹುದು. ನಾಲ್ಕು ವರ್ಷದ ಫೋಟೋಗಳು, ಪ್ರತಿ ವರ್ಷವೂ ಮಾರ್ಚಿನ ಮೊದಲ ವಾರ. ಆ ವಾರ ಇವರು ಹೊಸೂರಿಗೆ ಸರಕು ನೋಡಲು ಹೋಗುತ್ತಿದ್ದರು. ನಾನೇ ಶರ್ಟು ಇಸ್ತ್ರಿ ಮಾಡಿ ಚೀಲಕ್ಕೆ ಹಾಕಿಕೊಡುತ್ತಿದ್ದೆ.

ಒಂದು ಫೋಟೋದಲ್ಲಿ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾರೆ. ಇವರ ಬಲಗಡೆ ಒಂದು ದವಡೆ ಹಲ್ಲಿಗೆ ಬೆಳ್ಳಿ ತುಂಬಿಸಿದ್ದಾರೆಂದು ನನಗೆ ಇವತ್ತೇ ಗೊತ್ತಾದದ್ದು.

ಜನವರಿ 21

ಬರೆಯಲು ಏನೂ ಇಲ್ಲ.

ಜನವರಿ 23, ಗುರುವಾರ

ಮುನಿವೆಂಕಟಮ್ಮ ಬರುವ ಮೊದಲೇ ಕೇಳಿದೆ. ಅವಳು ಅವರನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸಲು ದಿನವೂ ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬರುತ್ತಾಳೆ. ಅವಳ ಮುಂದೆ ಕೇಳುವ ಮಾತಲ್ಲ.

ಫೋಟೋ ತೋರಿಸಿ, ಇವಳ ಜೊತೆ ಹೋಗ್ತಿದ್ರಾ ಎಂದೆ. ಹೌದು ಎಂದರು. ನನಗೆ ಸುಳ್ಳು ಹೇಳಿದ್ರಾ. ಹೌದು. ನಾನು ನಿಮಗೆ ಬೇಡವಾಗಿದ್ದೆನಾ. ಹೌದು.

ಅದು ಉತ್ತರವಲ್ಲ ಎಂದು ಮಿಸ್ಬಾ ಹೇಳಿದ್ದು ಗೊತ್ತಿದೆ. ಆದರೂ ಮದುವೆಯಾದ ಮೇಲೆ ಕೇಳಿದ್ದಕ್ಕೆಲ್ಲ ತಡಮಾಡದೆ ಉತ್ತರ ಕೊಟ್ಟದ್ದು ಇದೇ ಮೊದಲು. ಇನ್ನೂ ಹತ್ತಿಪ್ಪತ್ತು ಪ್ರಶ್ನೆ ಕೇಳಿದೆ. ಕೊನೆಕೊನೆಗೆ ಅವರ ಕಣ್ಣಲ್ಲಿ ನೀರು ಬಂತು. ಲಕ್ವ ಹೊಡೆದವರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಜನವರಿ 31, ಶುಕ್ರವಾರ

ಕ್ಲಚ್ಚು, ಗೇರು ಈಗ ಕೈಗೆ ಕಾಲಿಗೆ ಹೊಂದಿಕೊಂಡಿವೆ. ಔಟರ್ ರಿಂಗ್ ರೋಡಿನಲ್ಲಿ ಹೆಬ್ಬಾಳದವರೆಗೆ ಓಡಿಸಿದೆ. ಪಾಷಾ ಅವರು ದಾರಿಯುದ್ದಕ್ಕೂ ತಮ್ಮ ಮೊಮ್ಮಗಳ ಮದುವೆಯ ವಿಷಯ ಹೇಳುತ್ತಿದ್ದರು. ರಸ್ತೆ ನೋಡದೆ ಮಾತಾಡುತ್ತಾರೆಂದರೆ ಮೇಡಂ ಕೈ ಕೂತಿದೆ ಎಂದ ಹಾಗೆಯೇ.

ಮನೆಯಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿದ್ದೇನೆ. ಅವರ ಕುರ್ಚಿ ಕಿಟಕಿಯ ಹತ್ತಿರ ಇರುತ್ತಿತ್ತು, ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಗೋಡೆಯ ಕಡೆ ತಿರುಗಿಸಿಟ್ಟೆ. ಕಾಫಿ ಆರಿಸಿ ಕೊಡುತ್ತಿದ್ದೇನೆ, ಬಿಸಿ ಇದ್ದರೆ ನಾಲಗೆ ಸುಡುತ್ತದೆ. ಮೊದಲೆಲ್ಲ ಕಾಫಿ ಸ್ವಲ್ಪ ಆರಿದ್ದರೂ ಲೋಟ ನನ್ನ ಕಡೆ ತಳ್ಳುತ್ತಿದ್ದರು. ಈಗ ಕುಡಿಯುತ್ತಾರೆ.

ಫೆಬ್ರವರಿ 6, ಗುರುವಾರ

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಆ ಟೋಪಿಯ ಫೋಟೋವನ್ನು ಮಿಸ್ಬಾಳ ಕಾರ್ಡಿನ ಅಳತೆಗೇ ಪ್ರಿಂಟ್ ಹಾಕಿಸಿ ತಂದೆ. ಅವಳು ಕೈ ತೊಳೆಯಲು ಹೋದಾಗ ಕಾರ್ಡುಗಳ ಮಧ್ಯೆ ಸೇರಿಸಿದೆ.

ಚಮಚ, ಛತ್ರಿ, ಮಾವಿನಹಣ್ಣು ಆಯಿತು. ಆಮೇಲೆ ಅದು ಬಂತು. ಮಿಸ್ಬಾ ಗಮನಿಸದೆ ಅವರ ಮುಖದ ಮುಂದೆ ಹಿಡಿದುಬಿಟ್ಟಳು. ಅವರು ಹೌದು ಎನ್ನಲಿಲ್ಲ. ಗಂಟಲಿನಿಂದ ಬೇರೆ ಏನೋ ಶಬ್ದ ಬಂತು, ಎಡಗೈ ಮೇಜಿಗೆ ಬಡಿದು ಕಾರ್ಡೆಲ್ಲ ಚೆಲ್ಲಿದವು. ಮಿಸ್ಬಾ ಗಾಬರಿಯಾಗಿ ಇದು ಯಾರು ಆಂಟಿ ಎಂದಳು. ನಮ್ಮ ನೆಂಟರ ಪೈಕಿ, ಗುರುತು ಸಿಗುತ್ತೇನೋ ನೋಡೋಣ ಅಂತ ಇಟ್ಟೆ ಎಂದೆ. ಅವಳು ಆ ಕಾರ್ಡನ್ನು ಬೇರೆ ತೆಗೆದು ನನ್ನ ಕೈಗೆ ಕೊಟ್ಟಳು. ಆಮೇಲೆ, ಗುರುತಂತೂ ಸಿಕ್ಕಿದೆ, ಆದರೆ ಅಂಕಲ್‌ಗೆ ಇಷ್ಟೊಂದು ಉದ್ವೇಗ ಒಳ್ಳೆಯದಲ್ಲ, ಇನ್ನು ಮುಂದೆ ಹೇಳಿ ಮಾಡಿ ಎಂದಳು.

ನನ್ನ ವಯಸ್ಸಿನ ಅರ್ಧವೂ ಇಲ್ಲ, ನನಗೆ ಬುದ್ಧಿ ಹೇಳುತ್ತಾಳೆ.

ಫೆಬ್ರವರಿ 19, ಬುಧವಾರ

ಟೆಸ್ಟು ಪಾಸಾಯಿತು. ಎಂಟಾಕಾರದಲ್ಲಿ ಒಂದು ಕಂಬವೂ ತಾಗಲಿಲ್ಲ. ನಾನು ಬೇಡವೆಂದರೂ ಕೇಳದೆ ಪಾಷಾ ಅವರು ಬಿರಿಯಾನಿ ಕಟ್ಟಿಸಿಕೊಟ್ಟರು. ಸಂಜೆ ಒಬ್ಬಳೇ ಇಂದಿರಾನಗರಕ್ಕೆ ಹೋಗಿ ನೂರಡಿ ರಸ್ತೆಯಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಿಸಿ ಬಂದೆ. ಕೊಳ್ಳಲು ಏನೂ ಇರಲಿಲ್ಲ. ಕಿಟಕಿ ಇಳಿಸಿಕೊಂಡು ಹೋದೆ, ಅಷ್ಟೇ. ವಾಂತಿ ಬರಲಿಲ್ಲ. ಓಡಿಸುವವರಿಗೆ ಬರುವುದಿಲ್ಲವಂತೆ.

ಬರುವಷ್ಟರಲ್ಲಿ ಕತ್ತಲಾಗಿತ್ತು. ಮುನಿವೆಂಕಟಮ್ಮ ಐದಕ್ಕೇ ಹೋಗಿದ್ದಳು. ಅವರು ಕುರ್ಚಿಯಲ್ಲೇ ಒದ್ದೆಯಾಗಿ ಕೂತಿದ್ದರು. ನಾನು ಮೊದಲು ಬಿರಿಯಾನಿ ತಿಂದೆ. ಆರಿದರೆ ಚೆನ್ನಾಗಿರುವುದಿಲ್ಲ.

ಮಾರ್ಚ್ 3, ಸೋಮವಾರ

ಅವರ ಹೆಬ್ಬೆರಳು ಹಿಡಿದು ಫೋನು ತೆರೆದು 'ಗ್ಲಾಸ್‌ವೇರ್ ಹೊಸೂರು'ಗೆ ಬರೆದೆ: ಶನಿವಾರ ಹನ್ನೆರಡು ಗಂಟೆಗೆ ತೋಟಕ್ಕೆ ಬಾ, ಎಲ್ಲಾ ಹೇಳ್ತೀನಿ. ಈ ಸಲ ಅವರು ಎಚ್ಚರವಾಗಿದ್ದರು. ಬರೆದದ್ದನ್ನು ಓದಿಯೂ ಹೇಳಿದೆ. ಕೈ ಎಳೆದುಕೊಳ್ಳಲು ನೋಡಿದರು, ಆದರೆ ಅದು ಅಲುಗಾಡುವ ಕೈಯಲ್ಲವಲ್ಲ.

ಐದೇ ನಿಮಿಷದಲ್ಲಿ ಉತ್ತರ ಬಂತು. ಬರ್ತೀನಿ, ಅಷ್ಟೇ.

ಮಾರ್ಚ್ 8, ಶನಿವಾರ

ಇವತ್ತು ನಡೆದದ್ದನ್ನು ಒಂದೂ ಬಿಡದೆ ಬರೆದಿಡಬೇಕು.

ಏಳೂವರೆಗೆ ಹೊರಟೆವು. ಅವರಿಗೆ ಫೋಟೋದಲ್ಲಿದ್ದ ತಿಳಿನೀಲಿ ಶರ್ಟನ್ನೇ ಹಾಕಿಸಿದೆ. ಈಗ ಹೆಗಲಿಗೆ ದೊಡ್ಡದಾಗಿದೆ. ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿದೆ. ಮುನಿವೆಂಕಟಮ್ಮ ಹಿಂದೆ, ಗಾಲಿಕುರ್ಚಿ ಡಿಕ್ಕಿಯಲ್ಲಿ. ಹೆಬ್ಬಾಳದ ಮೇಲುಸೇತುವೆಯನ್ನು ಎರಡನೇ ಗೇರಿನಲ್ಲೇ ಹತ್ತಿಸಿದೆ. ಅದು ದಾಟಿದ ಮೇಲೆ ಏರ್‌ಪೋರ್ಟ್ ರಸ್ತೆಯಲ್ಲಿ ಕಾರು ತಾನೇ ಹೋದಂತೆ ಹೋಯಿತು. ದೇವನಹಳ್ಳಿ ಕೋಟೆಯ ಹತ್ತಿರ ನಿಲ್ಲಿಸಿ ಇಡ್ಲಿ ತಿಂದೆವು. ಅಲ್ಲಿಂದ ಮುಂದೆ ನಂದಿ ಕ್ರಾಸಿನಲ್ಲಿ ಎಡಕ್ಕೆ ತಿರುಗಿದರೆ ಬೇರೆಯೇ ಲೋಕ. ರಸ್ತೆಯ ಎರಡೂ ಕಡೆ ಹೊಂಗೆ ಮರಗಳು ಎಳೆಚಿಗುರು ಬಿಟ್ಟಿವೆ. ಗುಲಾಬಿ ಬೆಳೆಯುವ ಬಿಳಿ ಪರದೆಮನೆಗಳು, ಆಮೇಲೆ ದ್ರಾಕ್ಷಿ ಚಪ್ಪರ, ಸಾಲಿನ ಮೇಲೆ ಸಾಲು, ಬೆಟ್ಟದ ಬುಡದವರೆಗೂ. ಬೆಟ್ಟದ ನೆತ್ತಿಗೆ ಮಂಜು ಇನ್ನೂ ಅಂಟಿಕೊಂಡಿತ್ತು. ಎಷ್ಟು ಚೆಂದ ಅಲ್ವಾ ಎಂದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಹೌದು ಎಂದರು.

ಮನೆಯಿಂದ ಅರವತ್ತು ಕಿಲೋಮೀಟರೂ ಇಲ್ಲ. ಇಪ್ಪತ್ತಾರು ವರ್ಷ ನಾನು ಇದನ್ನು ನೋಡಿರಲಿಲ್ಲ.

ತೋಟದವರು ಒಳ್ಳೆಯ ಜನ. ನಾಲ್ಕು ಜನ ಸೇರಿ ಗಾಲಿಕುರ್ಚಿ ಎತ್ತಿ ಚಪ್ಪರದ ಕೆಳಗೆ ತಂದಿಟ್ಟರು. ಫೋಟೋ ತೋರಿಸಿ ಅದೇ ಜಾಗ, ಅದೇ ಮೇಜು ಹುಡುಕಿಸಿಕೊಂಡೆ. ಮುನಿವೆಂಕಟಮ್ಮನಿಗೆ ದೂರದ ನೇರಳೆ ಮರದ ಕೆಳಗೆ ಊಟ ಹೇಳಿ ಅಲ್ಲೇ ಕೂತಿರಲು ಹೇಳಿದೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಶ್ವೇತ ಬಂದಳು. ಕೈಯಲ್ಲಿ ಅದೇ ಹುಲ್ಲಿನ ಟೋಪಿ. ಕುರ್ಚಿಯನ್ನು ಕಂಡು ಮೊದಲು ಬೇರೆ ಯಾರೋ ಎಂದುಕೊಂಡು ದಾಟಿ ಹೋದಳು. ಮತ್ತೆ ತಿರುಗಿ ನಿಂತಳು. ಕಿರುಚುತ್ತಾಳೆ, ಇಲ್ಲವೇ ಓಡಿಹೋಗುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಮಣ್ಣಿನ ನೆಲದ ಮೇಲೆ ಮಂಡಿಯೂರಿ ಅವರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಶ್ರೀ, ಏನಾಯ್ತೋ ನಿಂಗೆ" ಎಂದಳು.

ಅವರ ತುಟಿಯಿಂದ ಇಳಿಯುತ್ತಿದ್ದ ಜೊಲ್ಲನ್ನು ತನ್ನ ಸೆರಗಿನಿಂದ ಒರೆಸಿದಳು. ನಾನು ಈವರೆಗೆ ಗಂಡನನ್ನು ಏಕವಚನದಲ್ಲಿ ಕರೆದವಳಲ್ಲ. ಅವಳು ಕರೆದಾಗ ಅವರ ಮುಖ ಮಗುವಿನ ಮುಖದ ಹಾಗಾಯಿತು.

ಆಮೇಲೆ ನನ್ನ ಕಡೆ ನೋಡಿ, "ನೀವು ನೋಡ್ಕೊಳ್ಳೋರಾ?" ಎಂದಳು.

ಹೌದು ಎಂದೆ.

"ಎಷ್ಟು ದಿನದಿಂದ?"

"ಇಪ್ಪತ್ತಾರು ವರ್ಷದಿಂದ. ನಾನು ಸುಕನ್ಯ."

ಅವಳಿಗೆ ಹೆಸರು ಗೊತ್ತಿತ್ತು. "ಸುಕನ್ಯ ತೀರ್ಕೊಂಡ್ರಲ್ಲ" ಎಂದಳು, ನಾನೇ ಏನೋ ತಪ್ಪು ಹೇಳಿದ ಹಾಗೆ.

ಹಲಸೂರಿನಲ್ಲಿ ತಾಯಿಯ ಜೊತೆ ಇದ್ದಾಳಂತೆ. ಯಾವುದೋ ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳಂತೆ. ಹೆಂಡತಿ ಸತ್ತು ಆರು ವರ್ಷವಾಯಿತು ಎಂದು ಅವಳಿಗೆ ಹೇಳಿದ್ದನಂತೆ. ಕ್ಯಾನ್ಸರಂತೆ. ಮೂರು ವರ್ಷ ಹೆಂಡತಿ ಹಾಸಿಗೆ ಹಿಡಿದಿದ್ದಳಂತೆ, ಇವನೇ ಸ್ನಾನ ಮಾಡಿಸಿ, ತುತ್ತು ಮಾಡಿ ತಿನ್ನಿಸಿ, ಮಲ ಮೂತ್ರ ಬಳಿದು ಕೊನೆಯ ಉಸಿರಿನವರೆಗೂ ನೋಡಿಕೊಂಡನಂತೆ. "ಅದನ್ನ ಹೇಳ್ತಾ ಅತ್ತುಬಿಟ್ಟಿದ್ದ. ಅದಕ್ಕೇ ನಾನು ಒಪ್ಕೊಂಡಿದ್ದು" ಎಂದಳು. ಅಂಗಡಿಯ ಕಡೆ ಬರಬಾರದೆಂದು ಆಣೆ ಹಾಕಿಸಿಕೊಂಡಿದ್ದನಂತೆ. ಆದ್ದರಿಂದ ಇಷ್ಟು ದಿನ ಹುಡುಕಿಕೊಂಡು ಬರಲಿಲ್ಲವಂತೆ.

ನಾನು ಬಗ್ಗಿ ಅವನ ಮುಖಕ್ಕೆ ಮುಖ ತಂದು ಕೇಳಿದೆ. "ನಾನು ಸತ್ತೆ ಅಂತ ಹೇಳಿದ್ರಾ?"

"ಹೌದು."

"ಇವರಿಗೂ ಸುಳ್ಳು ಹೇಳಿದ್ರಾ?"

"ಹೌದು."

ಮಾತು ಬರುತ್ತದಾ ಎಂದು ಶ್ವೇತ ಕೇಳಿದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ ಎಂದೆ.

ಅವಳು ತುಂಬ ಹೊತ್ತು ಅತ್ತಳು. ಅವನ ಮೇಲೆ ಸಿಟ್ಟು ಮಾಡಿಕೊಂಡು ಹೊರಡುತ್ತಾಳೆಂದು ಕಾದೆ. ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ನಿಮ್ಮ ಸಂಸಾರದ ಮಧ್ಯೆ ನಾನು ಬರಲ್ಲ. ತಪ್ಪಾಗಿದೆ, ಕಾಲು ಹಿಡ್ಕೋ ಅಂದ್ರೂ ಹಿಡ್ಕೋತೀನಿ. ತಿಂಗಳಿಗೆ ಒಂದ್ಸಲ, ಅರ್ಧ ಗಂಟೆ, ನಿಮ್ಮ ಮುಂದೇನೇ ಕೂತು ಮಾತಾಡಿಸಿ ಹೋಗ್ತೀನಿ. ಪುಸ್ತಕ ಓದಿ ಹೇಳ್ತೀನಿ. ಅವನಿಗೆ ಇಷ್ಟ ಇದ್ರೆ."

"ಅವರನ್ನೇ ಕೇಳೋಣ" ಎಂದೆ.

ಮತ್ತೆ ಬಗ್ಗಿದೆ. "ಇವರು ಇನ್ಮೇಲೆ ಬರೋದು ಬೇಡ, ಅಲ್ವಾ?"

ಅವನಿಗೆ ಅರ್ಥವಾಯಿತು. ಕಣ್ಣು ಅಗಲವಾದವು. ಎಡಗೈ ಕುರ್ಚಿಯ ಹಿಡಿಯನ್ನು ಹಿಡಿದು ಬೆಳ್ಳಗಾಯಿತು. ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಲು ನೋಡಿದ, ಕತ್ತು ಒಂದೇ ಕಡೆ ವಾಲಿತು. ನಾನು ಅವಸರ ಮಾಡಲಿಲ್ಲ. ಬೇಕಾದಷ್ಟು ಸಮಯ ಕೊಟ್ಟೆ.

"ಹೌದು" ಎಂದ.

ಶ್ವೇತ ಎದ್ದು ನಿಂತಳು. ಸೀರೆಯ ಮಣ್ಣನ್ನೂ ಕೊಡವಿಕೊಳ್ಳಲಿಲ್ಲ. ಅವಳು ಚಪ್ಪರದ ಸಾಲು ದಾಟಿ ಹೋಗುವವರೆಗೂ ಅವನು ಹೌದು, ಹೌದು, ಹೌದು ಎಂದು ಕೂಗುತ್ತಲೇ ಇದ್ದ. ದನಿ ಏರುತ್ತ ಹೋಗಿ ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಅವಳು ತಿರುಗಲಿಲ್ಲ. ಯಾಕೆ ತಿರುಗುತ್ತಾಳೆ. ಅವಳ ಕಿವಿಗೆ ಬಿದ್ದದ್ದು ಬಂದವಳನ್ನು ಹೋಗು ಎನ್ನುವ ಗಂಡಸಿನ ಮಾತು.

ಬಂದದ್ದು ಬಂದಾಗಿದೆ, ರುಚಿ ನೋಡದೆ ಹೋಗುವುದು ಯಾಕೆಂದು ವೈನು ತರಿಸಿದೆ. ನನಗೆ ಹುಳಿ, ಒಗರು. ಎರಡನೆಯ ಗ್ಲಾಸು ಪರವಾಗಿಲ್ಲ ಅನ್ನಿಸಿತು, ಆದರೆ ಕಾರು ಓಡಿಸಬೇಕಲ್ಲ, ಎರಡು ಗುಟುಕಿಗೇ ಇಟ್ಟೆ. ಅವನಿಗೆ ತೆಳ್ಳಗಿನದು ಯಾವುದು ಕೊಟ್ಟರೂ ನೆತ್ತಿಗೆ ಹತ್ತುತ್ತದೆ, ನೀರಿಗೂ ಗಟ್ಟಿಮಾಡುವ ಪುಡಿ ಕಲಸಿ ಕೊಡಬೇಕು. ಚೀಲದಿಂದ ಪುಡಿ ತೆಗೆದು ವೈನಿಗೆ ಕಲಸಿದೆ. ಕೆಂಪು ಗಂಜಿಯ ಹಾಗಾಯಿತು. ಒಂದು ಚಮಚ ಬಾಯಿಗಿಟ್ಟೆ. ನುಂಗಲಿಲ್ಲ. ತುಟಿಯಿಂದ ತಿಳಿನೀಲಿ ಶರ್ಟಿನ ಮೇಲೆ ಇಳಿಯಿತು. ನಾನು ಒರೆಸಲು ಹೋಗಲಿಲ್ಲ, ವೈನಿನ ಕಲೆ ಒರೆಸಿದರೆ ಹರಡುತ್ತದಂತೆ.

ಮುನಿವೆಂಕಟಮ್ಮ ಕೂಗು ಕೇಳಿ ಅರ್ಧಕ್ಕೇ ಊಟ ಬಿಟ್ಟು ಬಂದಿದ್ದಳು. ವಾಪಸು ಬರುವಾಗ ದಾರಿಯಲ್ಲಿ, ಸಾರು ಯಾಕಮ್ಮ ಇಷ್ಟು ಅಳ್ತಾವ್ರೆ ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಹೊರಗಿನ ಗಾಳಿ ಸೋಕಿದೆ, ಸಂತೋಷಕ್ಕೆ ಎಂದೆ.

ರಸ್ತೆಬದಿಯಲ್ಲಿ ಎರಡು ಕಿಲೋ ದ್ರಾಕ್ಷಿ ಕೊಂಡೆ. ಒಟ್ಟಿನಲ್ಲಿ ಚೆನ್ನಾಗಿತ್ತು. ಕೈ, ಭುಜ ನೋಯುತ್ತಿವೆ. ನಿದ್ದೆ ಬರುತ್ತಿದೆ.

ಮಾರ್ಚ್ 10, ಸೋಮವಾರ

ನಿನ್ನೆಯಿಂದ ಅವನು ಮಾತಾಡುತ್ತಿಲ್ಲ. ಹೌದು ಕೂಡ ಇಲ್ಲ. ನೀರು ಬೇಕಾ ಎಂದರೆ ಗೋಡೆ ನೋಡುತ್ತಾನೆ.

ಮಿಸ್ಬಾ ಬಂದಳು. ನಾವು ದ್ರಾಕ್ಷಿ ತೋಟಕ್ಕೆ ಹೋಗಿದ್ದೆವು ಎಂದು ಕೇಳಿ ಮೊದಲು ಖುಷಿಪಟ್ಟಳು. ಅವನ ಎದುರು ಅರ್ಧ ಗಂಟೆ ಕೂತು ಎದ್ದ ಮೇಲೆ ಅವಳ ಮುಖ ಬದಲಾಗಿತ್ತು. ಅಲ್ಲಿ ಏನಾಯಿತು ಎಂದು ಕೇಳಿದಳು. ಏನೂ ಆಗಲಿಲ್ಲ, ಸುಸ್ತಾಗಿರಬೇಕು ಎಂದೆ.

ಮಾರ್ಚ್ 17, ಸೋಮವಾರ

ಅಡುಗೆಮನೆಯಲ್ಲಿ ಹುರಳಿಕಾಯಿ ಬಿಡಿಸುತ್ತಿದ್ದೆ. ಹಜಾರದಲ್ಲಿ ಮಿಸ್ಬಾ ಕೇಳುವುದು ಕೇಳಿಸಿತು. ಅಂಕಲ್, ಈ ಕಾರ್ಡ್ ಮತ್ತೆ ಮಾಡೋಣ್ವಾ? ಬೇಡ ಎಂದ. ನಾನು ಕೈ ನಿಲ್ಲಿಸಿದೆ. ಟೀವಿ ಹಾಕ್ಲಾ? ಬೇಡ. ಕಿಟಕಿ ಹತ್ರ ಕೂತ್ಕೋತೀರಾ? ಹೌದು. ಕುರ್ಚಿ ಹೊರಳಿದ ಸದ್ದು. ಆಂಟಿನ ಕರೀಲಾ? ಬೇಡ.

ಸ್ಪಷ್ಟವಾಗಿತ್ತು. ಬಾಗಿಲಿಗೆ ಬಂದೆ. ನನ್ನನ್ನು ಕಂಡ ಕೂಡಲೇ ಬಾಯಿ ಮುಚ್ಚಿಕೊಂಡ.

ಮಿಸ್ಬಾಳ ಕಣ್ಣು ತುಂಬಿದ್ದವು. "ಆಂಟಿ, ಎರಡನೇ ಮಾತು ಬಂತು. ಬೇಡ ಅನ್ನೋದು ಬಂದ್ರೆ ಅರ್ಧ ಜೀವ ವಾಪಸ್ ಬಂದ ಹಾಗೆ. ಇನ್ನು ವಾರಕ್ಕೆ ಮೂರು ದಿನ ಬರ್ತೀನಿ, ದುಡ್ಡು ಜಾಸ್ತಿ ಬೇಡ" ಎಂದಳು. ಅವಳಿಗೆ ಕಾಫಿ ಕೊಟ್ಟೆ, ಮನೆಯಲ್ಲಿದ್ದ ಮೈಸೂರು ಪಾಕು ಕೊಟ್ಟೆ. ಅವಳು ತಿಂದು ಮುಗಿಸುವವರೆಗೂ ಕಾದೆ. ಆಮೇಲೆ ಅವನ ಪಕ್ಕ ಕೂತು ಕೇಳಿದೆ.

"ಮಿಸ್ಬಾ ನಾಳೆಯಿಂದ ಬರೋದು ಬೇಡ, ಅಲ್ವಾ?"

ಅವನು ನನ್ನ ಮುಖ ನೋಡಿದ. ಮಿಸ್ಬಾಳ ಮುಖ ನೋಡಿದ. ಹೌದು ಎಂದರೆ ಏನಾಗುತ್ತದೆಂದು ಅವನಿಗೆ ತೋಟದಲ್ಲೇ ಗೊತ್ತಾಗಿದೆ. ಒದ್ದಾಡಿ ಒದ್ದಾಡಿ ಹೊಸ ಮಾತನ್ನು ಹೊರಗೆ ತಂದ.

"ಬೇಡ."

"ಬೇಡವಂತೆ" ಎಂದೆ.

ಮಿಸ್ಬಾ ಲೋಟ ಕೆಳಗಿಟ್ಟಳು. ಹಾಗೆ ಕೇಳಬಾರದು ಆಂಟಿ ಎಂದು ಅವನ ಮುಂದೆ ಕೂತು ತಾನೇ ಕೇಳಿದಳು. "ಅಂಕಲ್, ನಾನು ಬರ್ಲಾ?" ಅವನು ಹೌದು ಎಂದ. ಎಡಗೈಯಿಂದ ಅವಳ ಮುಂಗೈ ಹಿಡಿದುಕೊಂಡು ಇನ್ನೊಮ್ಮೆ ಹೌದು ಎಂದ.

"ಅವರು ಎಲ್ಲದಕ್ಕೂ ಹೌದು ಅಂತಾರಮ್ಮ. ಅದು ಉತ್ತರ ಅಲ್ಲ ಅಂತ ಹೇಳಿಕೊಟ್ಟೋಳು ನೀನೇ ತಾನೇ" ಎಂದೆ.

ಅವಳು ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ, "ನಿಮಗೆ ಏನೋ ಆಗಿದೆ ಆಂಟಿ. ನೀವೂ ಯಾರ ಹತ್ರಾನಾದ್ರೂ ಮಾತಾಡಬೇಕು" ಎಂದಳು. ನನಗೇನಾಗಿದೆ. ಬಿಪಿ ಕೂಡ ಇಳಿದಿದೆ, ಮೊನ್ನೆಯೇ ನೋಡಿಸಿದ್ದೆ.

ಮಾರ್ಚ್ 22, ಶನಿವಾರ

ಮುನಿವೆಂಕಟಮ್ಮ ಇವತ್ತಿನಿಂದ ಕೆಲಸ ಬಿಟ್ಟಳು. ಕೆ.ಆರ್. ಪುರದಿಂದ ಬರುವುದು ದೂರವಾಗುತ್ತದೆ, ಬಸ್ಸಿನಲ್ಲಿ ನಿಂತು ಕಾಲುನೋವು ಬರುತ್ತದೆ ಎಂದಳು. ಇಷ್ಟು ತಿಂಗಳು ಇಲ್ಲದ ದೂರ. ನಿಜ ಹೇಳು ಎಂದೆ. ತಲೆ ಬಗ್ಗಿಸಿಕೊಂಡು ನಿಂತಳು. "ನನ್ ಕಣ್ಣಲ್ಲಿ ನೋಡಕ್ಕಾಗಲ್ಲಮ್ಮ" ಎಂದಳು.

ಹೋಗುವ ಮೊದಲು ಅವನ ಉಗುರು ಕತ್ತರಿಸಿ, ತಲೆ ಬಾಚಿ, ಶರ್ಟಿನ ಗುಂಡಿ ಸರಿಮಾಡಿದಳು. ಬರ್ತೀನಿ ಸಾರ್ ಎಂದಾಗ ಅವನು ಅವಳ ಸೆರಗು ಹಿಡಿದುಕೊಂಡ. ಬಿಡಲೇ ಇಲ್ಲ. ನಾನೇ ಬಂದು ಒಂದೊಂದಾಗಿ ಬೆರಳು ಬಿಡಿಸಬೇಕಾಯಿತು.

ಇನ್ನು ಮನೆಯಲ್ಲಿ ನಾವಿಬ್ಬರೇ. ಮದುವೆಯಾಗಿ ಬಾಣಸವಾಡಿಯ ಅವರ ಹಳೆಯ ಮನೆಗೆ ಬಂದಾಗ ಹದಿನಾಲ್ಕು ಜನರಿದ್ದರು. ಗಂಡನ ಜೊತೆ ಒಂದು ಮಾತಾಡಬೇಕೆಂದರೆ ಎಲ್ಲರೂ ಮಲಗುವುದನ್ನು ಕಾಯಬೇಕಿತ್ತು. ನಾವಿಬ್ಬರೇ ಇರುವ ಒಂದು ಮನೆ ಇದ್ದಿದ್ದರೆ ಎಂದು ಆಗ ಎಷ್ಟು ಸಲ ಅಂದುಕೊಂಡಿದ್ದೆ.

ಗೇಟಿನ ಚಿಲಕ ಹಾಕಿ ಬಂದೆ. ಅವನ ಕುರ್ಚಿಯನ್ನು ಕಿಟಕಿಯಿಂದ ನನ್ನ ಕಡೆಗೆ ತಿರುಗಿಸಿಕೊಂಡು ಎದುರು ಕೂತೆ. ಬಡಿಸಿದ ತಟ್ಟೆ ನನ್ನ ತೊಡೆಯ ಮೇಲಿತ್ತು.

"ಊಟ ಮಾಡ್ತೀಯಾ?" ಎಂದೆ.

ಅವನು ಏನೂ ಹೇಳಲಿಲ್ಲ. ನಾನು ಇನ್ನೊಂದು ಸಲ ಕೇಳಲಿಲ್ಲ, ತಟ್ಟೆ ಎತ್ತಿ ಒಳಗಿಟ್ಟು ಬಂದೆ.